ತೊಂಬತ್ತರವರೆಗೆ ಬದುಕಿ, ನಾಳೆಯೇ ಸಾಯಿರಿ

ಜ್ಯೋತಿಷಿ ಒಂದು ಜಾತಕಕ್ಕೆ ಒಂದೇ ಆಯುಷ್ಯ ಹೇಳುತ್ತಾನೆ. ಫೈನಾನ್ಶಿಯಲ್ ಪ್ಲ್ಯಾನರ್ ಮೂರು ಹೇಳುತ್ತಾನೆ. ನಿವೃತ್ತಿಗೆ ದುಡ್ಡು ಕೂಡಿಡುವ ಲೆಕ್ಕದಲ್ಲಿ ನೀವು ತೊಂಬತ್ತು ವರ್ಷ ಗಟ್ಟಿಮುಟ್ಟಾಗಿ ಬದುಕುತ್ತೀರಿ. ಟರ್ಮ್ ಇನ್ಶೂರೆನ್ಸ್ ಲೆಕ್ಕದಲ್ಲಿ ನಾಳೆ ಬೆಳಿಗ್ಗೆ ಕೋಣನಕುಂಟೆ ಕ್ರಾಸಿನಲ್ಲಿ ರಸ್ತೆ ದಾಟುವಾಗಲೇ ಹೋಗಿಬಿಡುತ್ತೀರಿ. ಆರೋಗ್ಯ ವಿಮೆಯ ಲೆಕ್ಕದಲ್ಲಿ ಅತ್ತ ಹೋಗುವುದೂ ಇಲ್ಲ, ಇತ್ತ ಏಳುವುದೂ ಇಲ್ಲ. ಐಸಿಯುನಲ್ಲಿ ದಿನಕ್ಕಿಷ್ಟು ಅಂತ ಮೀಟರ್ ಓಡಿಸಿಕೊಂಡು ಮಲಗಿರುತ್ತೀರಿ. ಮೂರು ಭವಿಷ್ಯವೂ ಒಬ್ಬನಿಗೇ, ಒಂದೇ ಭಾನುವಾರ, ಒಂದೇ ಲ್ಯಾಪ್‌ಟಾಪಿನಿಂದ.

ನಮ್ಮ ಸುಬ್ರಹ್ಮಣ್ಯಪುರದಲ್ಲಿ ಈ ಪ್ರವಚನ ನಡೆಯುವುದು ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿನಲ್ಲಿ. ಪ್ರವೇಶ ಉಚಿತ, ಖಾರಾಬಾತ್ ಕೇಸರಿಬಾತ್ ಉಚಿತ. ತಿಂಡಿ ಮೊದಲೇ ಕೊಟ್ಟರೆ ಜನ ಕೈ ತೊಳೆದು ಹಾಗೇ ಮನೆಗೆ ಹೋಗುತ್ತಾರೆ ಎಂಬುದು ಅನುಭವಕ್ಕೆ ಬಂದ ಮೇಲೆ ಈಗ ಕೊನೆಗೆ ಕೊಡುತ್ತಾರೆ. ಪ್ಲ್ಯಾನರ್ ಮೂವತ್ತರ ಆಸುಪಾಸಿನ ಹುಡುಗ. ಬೆಳಿಗ್ಗೆ ಒಂಬತ್ತಕ್ಕೇ ಬ್ಲೇಜರ್. ವಿಸಿಟಿಂಗ್ ಕಾರ್ಡಿನಲ್ಲಿ ವೆಲ್ತ್, ವೆಲ್‌ನೆಸ್, ಲೆಗಸಿ ಎಲ್ಲ ಇವೆ. ಸೆಬಿ ನೋಂದಣಿ ಸಂಖ್ಯೆಯೊಂದಿಲ್ಲ. ಸಲಹೆಗೆ ಫೀಸು ಎಷ್ಟಪ್ಪ ಎಂದು ಕೇಳಿದರೆ ‘ಕಂಪ್ಲೀಟ್ಲಿ ಫ್ರೀ ಅಂಕಲ್’ ಎನ್ನುತ್ತಾನೆ. 2013ರಿಂದ ಇರುವ ಸೆಬಿ ನಿಯಮದ ಪ್ರಕಾರ ಹೂಡಿಕೆ ಸಲಹೆಗಾರ ಎಂದು ಬೋರ್ಡು ಹಾಕಿಕೊಳ್ಳುವವನು ನೋಂದಾಯಿಸಿಕೊಂಡಿರಬೇಕು, ನಮ್ಮಿಂದ ಫೀಸು ತೆಗೆದುಕೊಳ್ಳಬೇಕು. ಫ್ರೀಯಾಗಿ ಹೇಳುವವನಿಗೆ ಕಂಪನಿ ಕಮಿಷನ್ ಕೊಡುತ್ತದೆ. ಕೇಸರಿಬಾತಿನ ದ್ರಾಕ್ಷಿ ಗೋಡಂಬಿ ಯಾರ ದುಡ್ಡಿನದು ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ಮೊದಲ ಸಾಲಿನಲ್ಲಿ ನಮ್ಮ ಬೀದಿಯ ರಾಯರು, ಪಕ್ಕದಲ್ಲಿ ಅವರ ಯಜಮಾನಿತಿ. ಪ್ರತಿ ಬೀದಿಗೂ ಒಬ್ಬರು ರಾಯರಿರುತ್ತಾರಾದ್ದರಿಂದ ಹೆಚ್ಚಿನ ಪರಿಚಯ ಬೇಡ. ವಯಸ್ಸು ಅರವತ್ತೆಂಟು, ಖಾಸಗಿ ಕಾರ್ಖಾನೆಯೊಂದರಿಂದ ನಿವೃತ್ತಿ, ಸ್ವಂತ ಮನೆ, ಶುಗರ್ ಬಾರ್ಡರ್‌ನಲ್ಲಿ.

ಮೊದಲ ಸ್ಲೈಡು ನಲವತ್ತು ವಯಸ್ಸಿನವರದು. ಈಗ ತಿಂಗಳ ಖರ್ಚು 50,000. ಹಣದುಬ್ಬರ ಶೇ 6. ಇಪ್ಪತ್ತು ವರ್ಷ ಕಳೆದು ನೀವು ರಿಟೈರ್ ಆಗುವ ಹೊತ್ತಿಗೆ ಅದೇ ಬೇಳೆ, ಅದೇ ಹಾಲು, ಅದೇ ಪೇಪರ್ ಬಿಲ್ಲಿಗೆ 1.6 ಲಕ್ಷ. ವರ್ಷದ ಖರ್ಚನ್ನು 25ರಿಂದ ಗುಣಿಸಿ: 4.8 ಕೋಟಿ. ಸಭೆಯಲ್ಲಿ ಉಸಿರು ನಿಂತಿತು. ಈ 25 ಯಾವ ಶಾಸ್ತ್ರದ್ದು ಎಂದು ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ವಿಲಿಯಂ ಬೆಂಗೆನ್ ಎಂಬ ಪ್ಲ್ಯಾನರ್ 1994ರಲ್ಲಿ, 1926ರಿಂದಾಚೆಗಿನ ಅಮೆರಿಕದ ಷೇರು, ಬಾಂಡುಗಳ ಲೆಕ್ಕ ತೆಗೆದು, ಮೊದಲ ವರ್ಷ ಗಂಟಿನಲ್ಲಿ ಶೇ 4ರಷ್ಟು ತೆಗೆದು, ಮುಂದೆ ಹಣದುಬ್ಬರದಷ್ಟೇ ಏರಿಸಿಕೊಂಡು ಹೋದರೆ ಮೂವತ್ತು ವರ್ಷ ಬರುತ್ತದೆ ಎಂದು ಬರೆದ. ಅಮೆರಿಕದ ಮಟ್ಟಿಗೆ ಒಳ್ಳೆಯ ಲೆಕ್ಕವೇ. ಅದರಲ್ಲಿ ಮಗಳ ಬಾಣಂತನ, ತಮ್ಮನ ಮಗನ ಉಪನಯನ, ಬೋರ್‌ವೆಲ್ ಬತ್ತಿದ ವರ್ಷದ ಟ್ಯಾಂಕರ್ ನೀರು ಇವಕ್ಕೆ ಕಾಲಂ ಇಲ್ಲ, ಅಷ್ಟೆ.

‘ಅರವತ್ತೆಂಟರ ಸ್ಲೈಡು ಎಲ್ಲಪ್ಪಾ?’ ಎಂದರು ರಾಯರು.

‘ಅಂಕಲ್, ನೀವು ಆ್ಯಕ್ಚುಯಲಿ ಇಪ್ಪತ್ತೈದರಲ್ಲೇ ಶುರು ಮಾಡಬೇಕಿತ್ತು.’

ಇಪ್ಪತ್ತೈದರಲ್ಲಿ ರಾಯರ ಸಂಬಳ ಆರುನೂರು ರೂಪಾಯಿ. ಅದರಲ್ಲಿ ಅರ್ಧ ತಂಗಿಯ ಮದುವೆ ಎಂಬ ಅಸೆಟ್ ಕ್ಲಾಸಿಗೆ ಹೋಗುತ್ತಿತ್ತು. ಲಾಕ್-ಇನ್ ಏಳು ವರ್ಷ, ರಿಟರ್ನು ದೀಪಾವಳಿಗೆ ಒಂದು ಪಂಚೆ. ಕಾರ್ಖಾನೆಯವರು ಕಟ್ಟಿದ ಇಪಿಎಸ್-95ರಿಂದ ಈಗ ಪಿಂಚಣಿಯೂ ಬರುತ್ತದೆ. ಈ ಯೋಜನೆಯ ಕನಿಷ್ಠ ಪಿಂಚಣಿಯನ್ನು ಸರ್ಕಾರ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿತು. ಏನೂ ಆಸರೆಯಿಲ್ಲದ ಹಿರಿಯರಿಗೆ ರಾಜ್ಯ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ 1,200. ಎರಡನ್ನೂ ಕೂಡಿಸಿದರೆ ಆ ದಿನದ ಕ್ಲಬ್‌ಹೌಸ್ ಬಾಡಿಗೆ ಹುಟ್ಟುವುದಿಲ್ಲ. ತಿಂಗಳಿಗೆ ಸಾವಿರದಂತೆ ಕೂಡಿಟ್ಟು, ಬಡ್ಡಿಯಿಲ್ಲದೆ, 4.8 ಕೋಟಿ ಮಾಡಲು ಎಷ್ಟು ಕಾಲ ಬೇಕು ಎಂದು ಲೆಕ್ಕ ಹಾಕಿ ನೋಡಿದೆ. ನಾಲ್ಕು ಸಾವಿರ ವರ್ಷ. ಕಲಿಯುಗ ಹುಟ್ಟಿ ಸಾವಿರ ಚಿಲ್ಲರೆ ವರ್ಷವಾದಾಗಲೇ ಎಸ್‌ಐಪಿ ಶುರು ಮಾಡಿದ್ದರೆ ರಾಯರು ಈಗ ನೆಮ್ಮದಿಯಾಗಿ ರಿಟೈರ್ ಆಗಬಹುದಿತ್ತು.

ಈ ಹುಡುಗನ ಬಗ್ಗೆ ಇಷ್ಟು ಹೇಳಿದರೂ ಒಂದು ಮಾತು ಒಪ್ಪಬೇಕು. ದಕ್ಷಿಣ ಬೆಂಗಳೂರಿನ ಪಿಂಚಣಿದಾರರನ್ನು ಮುಳುಗಿಸಿದ್ದು ಇಂಥ ಹೆದರಿಸುವವರಲ್ಲ. ಹೆದರಿಸುವವರನ್ನು ನಮ್ಮವರು ನಂಬುವುದೇ ಇಲ್ಲ. ‘ಏನೂ ಯೋಚನೆ ಮಾಡಬೇಡಿ, ನಮ್ಮವರೇ’ ಎನ್ನುವವರನ್ನು ನಂಬುತ್ತಾರೆ. ಬಸವನಗುಡಿಯಲ್ಲಿ ಒಂದು ಬ್ಯಾಂಕಿತ್ತು: ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ನಿಯಮಿತ. ಜಯನಗರ, ಬನಶಂಕರಿ, ಪದ್ಮನಾಭನಗರ, ನಮ್ಮ ಸುಬ್ರಹ್ಮಣ್ಯಪುರ, ಎಲ್ಲ ಕಡೆಯ ನಿವೃತ್ತರು ಗ್ರಾಚ್ಯುಟಿ, ಪಿಎಫ್, ಸೈಟು ಮಾರಿದ ದುಡ್ಡು ಅಲ್ಲಿಟ್ಟರು. ರಾಷ್ಟ್ರೀಕೃತ ಬ್ಯಾಂಕಿಗಿಂತ ಹೆಚ್ಚು ಬಡ್ಡಿ. ಮೇಲೆ ರಾಯರ ಹೆಸರು. ನಾನು ಹೇಳುತ್ತಿರುವುದು ಮಂತ್ರಾಲಯದ ರಾಯರ ಮಾತು. ಷೇರು ಮಾರುಕಟ್ಟೆ ಎಂದರೆ ಜೂಜು ಎನ್ನುವ, ಮ್ಯೂಚುವಲ್ ಫಂಡ್ ಎಂದರೆ ಕಿವಿ ಮುಚ್ಚಿಕೊಳ್ಳುವ, ಇಸ್ಪೀಟನ್ನು ಮನೆಯೊಳಗೂ ಬಿಟ್ಟುಕೊಳ್ಳದ ಜನ ಇವರು. ರಿಸ್ಕ್ ಪ್ರೊಫೈಲ್ ಎಂಬ ಫಾರಂ ಕೊಟ್ಟರೆ ಎಲ್ಲ ಪ್ರಶ್ನೆಗೂ ‘ಯಾವ ರಿಸ್ಕೂ ಬೇಡ’ ಎಂದೇ ಟಿಕ್ ಹಾಕುವವರು. ಯಾವ ರಿಸ್ಕೂ ಬೇಡವೆಂದು ಜೀವಮಾನದ ದುಡ್ಡನ್ನೆಲ್ಲ ಒಂದೇ ಬ್ಯಾಂಕಿನಲ್ಲಿಟ್ಟರು.

2020ರ ಜನವರಿ 10ರಂದು ರಿಸರ್ವ್ ಬ್ಯಾಂಕ್ ಆ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಒಬ್ಬೊಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಮೊಣಕಾಲು ನೋವಿನವರು, ಒಂದು ಕೈಯಲ್ಲಿ ಕೋಲು ಒಂದು ಕೈಯಲ್ಲಿ ಪಾಸ್‌ಬುಕ್ ಹಿಡಿದವರು ಬಾಗಿಲ ಮುಂದೆ ನಿಂತರು. ಆಗ ಠೇವಣಿಗೆ ಇದ್ದ ವಿಮೆ ಒಂದು ಲಕ್ಷ, ಅದೂ 1993ರಿಂದ ಅಲುಗಾಡದೆ ನಿಂತದ್ದು. ಫೆಬ್ರುವರಿ ಮೊದಲ ವಾರ ಕೇಂದ್ರ ಸರ್ಕಾರ ಅದನ್ನು ಐದು ಲಕ್ಷಕ್ಕೆ ಏರಿಸಿತು. ಜನ ಕೈಮುಗಿದರು. ನಮ್ಮ ಹುಡುಗನ ಶೇ 6ರ ಹಣದುಬ್ಬರವನ್ನು ಇಲ್ಲೂ ಹಾಕಿ ನೋಡಿ: 1993ರ ಒಂದು ಲಕ್ಷ 2020ಕ್ಕೆ ಹತ್ತಿರಹತ್ತಿರ 4.8 ಲಕ್ಷವಾಗುತ್ತದೆ. ಔದಾರ್ಯವೆಂದು ಕೊಟ್ಟದ್ದು ಇಪ್ಪತ್ತೇಳು ವರ್ಷದ ಬಾಕಿ. ಹಣದುಬ್ಬರ ನಮ್ಮ ಮನೆಯ ಹಾಲಿಗೆ ಮಾತ್ರ ಬರುತ್ತದೆ, ಸರ್ಕಾರದ ಗ್ಯಾರಂಟಿಗೆ ಬರುವುದಿಲ್ಲ ಎಂದೇ ಅಷ್ಟು ದಿನ ನಂಬಲಾಗಿತ್ತು. ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣ 90 ದಿನದೊಳಗೆ ಸಿಗಬೇಕು ಎಂಬ ತಿದ್ದುಪಡಿ ಬರಲು 2021 ಆಯಿತು.

ಆದ್ದರಿಂದಲೇ ಈಗ ಕ್ಲಬ್‌ಹೌಸು ತುಂಬುತ್ತದೆ. ನಮ್ಮವರು ಎಂದು ನಂಬಿ ಕೆಟ್ಟವರು, ಯಾರೋ ಬ್ಲೇಜರಿನವನಾದರೂ ಸರಿಯಪ್ಪ ಎಂದು ಬಂದು ಕೂತಿದ್ದಾರೆ.

ಎರಡನೇ ಅಧ್ಯಾಯ ಆರೋಗ್ಯ ವಿಮೆ. ಇಲ್ಲಿ ಹುಡುಗ ಮೊದಲು ಕೇಳಿದ್ದು, ‘ಯಾರಿಗೆಲ್ಲ ಡಯಾಬಿಟಿಸ್ ಇದೆ, ಕೈ ಎತ್ತಿ.’ ಒಂದು ಕೈಯೂ ಮೇಲೇಳಲಿಲ್ಲ. ಸುಬ್ರಹ್ಮಣ್ಯಪುರದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ, ಎಲ್ಲರಿಗೂ ಬಾರ್ಡರ್‌ನಲ್ಲಿದೆ. ಇಪ್ಪತ್ತು ವರ್ಷದಿಂದ ದಿನಕ್ಕೆರಡು ಮಾತ್ರೆ ನುಂಗುವವರೂ ಗಡಿ ದಾಟಿಲ್ಲ. ಬಿಪಿಯೂ ಹಾಗೆಯೇ, ಡಾಕ್ಟರ ಮುಂದೆ ಮಾತ್ರ ಏರುತ್ತದೆ. ಈ ಬಾರ್ಡರ್ ಸತ್ಯವನ್ನೇ ಪ್ರಪೋಸಲ್ ಫಾರಂನಲ್ಲಿ ‘ಇಲ್ಲ’ ಎಂದು ತುಂಬಿದರೆ, ಆಸ್ಪತ್ರೆ ಸೇರಿದ ದಿನ ಕಂಪನಿಯವರು ಹಳೇ ಪ್ರಿಸ್ಕ್ರಿಪ್ಷನ್ ಹುಡುಕಿಕೊಂಡು ಬರುತ್ತಾರೆ. ಪಾಲಿಸಿ ಮಾರುವಾಗ ತೋರದಿದ್ದ ಸಂಶೋಧನಾಸಕ್ತಿ ಕ್ಲೇಮಿನ ದಿನ ಉಕ್ಕುವುದನ್ನು ನೋಡಬೇಕು, ವಿಶ್ವವಿದ್ಯಾಲಯಗಳಲ್ಲೂ ಇಲ್ಲ.

ನಿಯಮಗಳೇನೋ ಸುಧಾರಿಸಿವೆ. 2024ರ ಏಪ್ರಿಲ್‌ನಿಂದ ಅರವತ್ತೈದು ದಾಟಿದವರಿಗೂ ಕಂಪನಿಗಳು ಪಾಲಿಸಿ ಇಟ್ಟಿರಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಎಂದು ಸಾಬೀತು ಮಾಡದ ಹೊರತು, ಹಳೇ ಕಾಯಿಲೆ ಮುಚ್ಚಿಟ್ಟಿರಿ ಎಂದು ಕ್ಲೇಮು ತಳ್ಳುವಂತಿಲ್ಲ. ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವುದಾದರೆ ಮೊದಲು ತನ್ನನ್ನು ಕೇಳಬೇಕು ಎಂದು 2025ರ ಜನವರಿಯಲ್ಲಿ ವಿಮಾ ಪ್ರಾಧಿಕಾರ ಹೇಳಿತು. ಕಾಯಿಲೆ ಬೀಳುವ ಭಯದ ಮೇಲಿದ್ದ ಶೇ 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ತೆಗೆದರು. ಅಲ್ಲಿಯವರೆಗೆ ಆಸ್ಪತ್ರೆಯ ಭಯವನ್ನೂ ಫ್ರಿಜ್ಜು, ಟಿವಿಯ ಸಾಲಿನಲ್ಲೇ ನಿಲ್ಲಿಸಿದ್ದರು.

ಇವೆಲ್ಲ ಸರಿ. ಬಿಲ್ಲು ಬಂದಾಗ ಏನಾಗುತ್ತದೆ ಎಂಬುದು ಸ್ಲೈಡಿನಲ್ಲಿರಲಿಲ್ಲ. ಐದು ಲಕ್ಷದ ಪಾಲಿಸಿ, ರೂಮು ಬಾಡಿಗೆ ಮಿತಿ ದಿನಕ್ಕೆ ಶೇ 1, ಅಂದರೆ 5,000. ಆ ದರದ ರೂಮು ಖಾಲಿ ಇಲ್ಲ ಎನ್ನುತ್ತಾರೆ. 10,000ದ್ದು ಇದೆ, ಕಿಟಕಿಯಿಂದ ಮೆಟ್ರೊ ಕಾಣುತ್ತದೆ. ಮಿಕ್ಕ ಐದು ಸಾವಿರ ಕೈಯಿಂದ ಕೊಟ್ಟರಾಯಿತು ಎಂದುಕೊಂಡು ನೀವು ಮಲಗುತ್ತೀರಿ. ಅಲ್ಲೇ ಗುಟ್ಟಿರುವುದು. ರೂಮು ಎರಡು ಪಟ್ಟು ದುಬಾರಿಯಾದರೆ, ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್, ಎಲ್ಲವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯುತ್ತವೆ. ಆ ಬಾಬ್ತಿನಲ್ಲಿ ಎರಡು ಲಕ್ಷವಾಗಿದ್ದರೆ ಕಂಪನಿ ಒಂದು ಲಕ್ಷ ಕೊಡುತ್ತದೆ. ಮೆಟ್ರೊ ನೋಡಿದ್ದಕ್ಕೆ ಇನ್ನೊಂದು ಲಕ್ಷ.

ಇದರ ಜೊತೆಗೆ ವಿಮೆಯಲ್ಲಿ ಕೊಡದ ಬಾಬ್ತುಗಳ ಪಟ್ಟಿ ಬೇರೆ ಇದೆ, 68 ಐಟಂಗಳದು. ಗ್ಲೌಸು, ಮಾಸ್ಕು, ಥರ್ಮಾಮೀಟರ್, ಕ್ರೇಪ್ ಬ್ಯಾಂಡೇಜ್, ಟ್ರಾಲಿ ಕವರ್, ಕಿಡ್ನಿ ಟ್ರೇ. ಕಿಡ್ನಿಗೆ ವಿಮೆ ಇದೆ, ಕಿಡ್ನಿ ಟ್ರೇಗೆ ಇಲ್ಲ. ಗ್ಲೌಸು ಹಾಕಿಕೊಳ್ಳದೆ ಆಪರೇಷನ್ ಮಾಡುವ ಸರ್ಜನ್ ಯಾರಾದರೂ ನೆಟ್‌ವರ್ಕ್ ಆಸ್ಪತ್ರೆಯಲ್ಲಿದ್ದಾರೆಯೇ ಎಂದು ರಾಯರು ಕೇಳಿದರು. ಹುಡುಗ ‘ಅದಕ್ಕೆ ಆ್ಯಡ್-ಆನ್ ರೈಡರ್ ಬರುತ್ತೆ ಅಂಕಲ್’ ಎಂದ. ಡಿಸ್ಚಾರ್ಜ್ ಅನುಮತಿಯನ್ನು ಮೂರು ಗಂಟೆಯೊಳಗೆ ಕೊಡಬೇಕು ಎಂದು 2024ರ ಸುತ್ತೋಲೆ ಹೇಳುತ್ತದೆ. ಬೆಳಿಗ್ಗೆ ಹತ್ತಕ್ಕೆ ‘ನೀವು ಮನೆಗೆ ಹೋಗಬಹುದು’ ಎಂದ ಡಾಕ್ಟರ ಮಾತು ನಂಬಿ ಪಂಚೆ ಉಟ್ಟು ಮಂಚದ ಅಂಚಿನಲ್ಲಿ ಕೂತು, ಸಂಜೆಯ ಕಾಫಿಯನ್ನೂ ಅಲ್ಲೇ ಕುಡಿದವರಿಗೆ ಈ ಸುತ್ತೋಲೆಯನ್ನು ಯಾರಾದರೂ ಓದಿ ಹೇಳಬೇಕು, ಹೊತ್ತು ಹೋಗುತ್ತದೆ.

ಇದೇ ರಾಜ್ಯದಲ್ಲಿ 2003ರಲ್ಲಿ ಯಶಸ್ವಿನಿ ಎಂಬುದು ಶುರುವಾದಾಗ ಸಹಕಾರ ಸಂಘದ ರೈತ ತಿಂಗಳಿಗೆ ಐದು ರೂಪಾಯಿ ಕಟ್ಟುತ್ತಿದ್ದ. ಐದು ರೂಪಾಯಿಗೆ ಹೃದಯದ ಆಪರೇಷನ್. ಅದಕ್ಕೂ ಹಿಂದೆ, 1891ರಲ್ಲೇ, ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಸರ್ಕಾರಿ ಜೀವವಿಮೆ ಮಾಡಿಸಿತ್ತು. ಈಗಿನ ಕೆಜಿಐಡಿ ಅದರದೇ ಮುಂದುವರಿಕೆ. ಆಗ ಕ್ಲಬ್‌ಹೌಸೂ ಇರಲಿಲ್ಲ, ಕೇಸರಿಬಾತೂ ಇರಲಿಲ್ಲ, ಸಂಬಳದಲ್ಲೇ ಹಿಡಿದುಕೊಳ್ಳುತ್ತಿದ್ದರು. ಮಾರಬೇಕಾದ ಅಗತ್ಯವೇ ಇಲ್ಲದ ವಿಮೆಯನ್ನು ಯಾರೂ ಸ್ಲೈಡು ಮಾಡುವುದಿಲ್ಲ.

ವಯಸ್ಸಾದವರ ಕೆಲಸ ಒಟ್ಟಿನಲ್ಲಿ ಪ್ರಮಾಣ ಮಾಡುವುದು. ವಿಮೆಯವರ ಮುಂದೆ ಕಾಯಿಲೆಯಿಲ್ಲ ಎಂದು, ಪಿಂಚಣಿಯವರ ಮುಂದೆ ಇನ್ನೂ ಸತ್ತಿಲ್ಲ ಎಂದು, ಉಯಿಲಿನಲ್ಲಿ ಹುಚ್ಚು ಹಿಡಿದಿಲ್ಲ ಎಂದು. ಎರಡನೆಯದಕ್ಕೆ 2014ರಿಂದ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ ಇದೆ. ರಾಯರ ಬೆರಳಚ್ಚು ಸವೆದುಹೋಗಿರುವುದರಿಂದ ಯಂತ್ರ ಅವರನ್ನು ಬದುಕಿದ್ದಾರೆಂದು ಒಪ್ಪುವುದಿಲ್ಲ. ಹೆಬ್ಬೆರಳಾಯಿತು, ತೋರುಬೆರಳಾಯಿತು, ಕೊನೆಗೆ ಸೈಬರ್ ಸೆಂಟರಿನವನು ‘ಅಂಕಲ್, ಸ್ವಲ್ಪ ತಲೆಗೆ ಉಜ್ಜಿ ಒತ್ತಿ’ ಎಂದ. ಎಣ್ಣೆ ಹತ್ತಿದ ಬೆರಳಿಗೆ ಜೀವ ಬಂತು.

ಮೂರನೆಯದೇ ಎಸ್ಟೇಟ್ ಪ್ಲ್ಯಾನಿಂಗ್. ‘ಅಂಕಲ್, ನಿಮ್ಮ ಇಮ್ಮೂವಬಲ್ ಅಸೆಟ್ಸ್?’ ರಾಯರದು ಒಂದು ಥರ್ಟಿ ಫಾರ್ಟಿ. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಸುಬ್ರಹ್ಮಣ್ಯಪುರ ಗ್ರಾಮ, ಕಂದಾಯ ನಿವೇಶನ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ‘ಖಾಸಗಿಯವರ ಸ್ವತ್ತು’, ಉತ್ತರಕ್ಕೆ ಈಗ ಇಲ್ಲದ ಹುಣಸೆಮರ. ಬಿ ಖಾತಾ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಬೇಕು ಎಂದಾಗ ಅರ್ಜಿ ಹಾಕಿದರು. ಅರ್ಜಿ ಹಾಕಿದ ಪಾಲಿಕೆಯೇ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಹೋಳಾಯಿತು. ಪಾಲಿಕೆ ತನ್ನ ಆಸ್ತಿ ಪಾಲು ಮಾಡಿಕೊಂಡಿತು, ರಾಯರಿಗೆ ಇನ್ನೂ ಆಗಿಲ್ಲ.

ಹುಡುಗ ಫ್ಯಾಮಿಲಿ ಟ್ರಸ್ಟ್ ಮಾಡಿ ಎಂದ. ಒಂದು ಬಿ ಖಾತಾ ಮನೆ, ಎರಡು ಎಫ್‌ಡಿ, ಹೆಂಡತಿಯ ನಾಲ್ಕು ಬಳೆಗೆ ಟ್ರಸ್ಟು. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ಅವರ ಸಹಿಯನ್ನೂ ಹಾಕಿಸಿದರೆ ಉಯಿಲು ಆಯಿತು. ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಇಷ್ಟೇ. ಇದನ್ನು ಹೇಳಿದರೆ ಹುಡುಗನಿಗೆ ಏನು ಸಿಗಬೇಕು? ಹೇಳಲಿಲ್ಲ. ನಾಮಿನಿ ಹಾಕಿದ್ದೀನಲ್ಲ, ಇನ್ನೇನು ಎಂದರು ರಾಯರು. ನಾಮಿನಿ ದುಡ್ಡು ಇಸಿದುಕೊಳ್ಳುವವನೇ ಹೊರತು ವಾರಸುದಾರನಲ್ಲ ಎಂದು ಸುಪ್ರೀಂ ಕೋರ್ಟು ಎಲ್‌ಐಸಿ ಪಾಲಿಸಿಯ ವಿಷಯದಲ್ಲಿ 1984ರಲ್ಲೇ ಹೇಳಿದೆ, ಷೇರುಗಳ ವಿಷಯದಲ್ಲಿ 2023ರಲ್ಲಿ ಮತ್ತೆ ಹೇಳಿದೆ. ಪ್ರತಿ ಪಾಸ್‌ಬುಕ್ಕಿನಲ್ಲೂ ಹಿರಿಯ ಮಗನ ಹೆಸರು ಹಾಕಿಸಿ ನಿಶ್ಚಿಂತರಾದ ರಾಯರುಗಳು ಮಾತ್ರ ಇನ್ನೂ ಕೇಳಿಸಿಕೊಂಡಿಲ್ಲ.

ಅಡ್ಡಿ ಕಾನೂನಿನದಲ್ಲ, ಊಟದ ಹೊತ್ತಿನದು. ‘ಏನ್ರೀ, ಅನ್ನದ ಮುಂದೆ ಕೂತು ಸಾಯೋ ಮಾತು?’ ಎಂದು ಯಜಮಾನಿತಿ ಹುಳಿ ಬಡಿಸುತ್ತಾರೆ. ವಿಷಯ ಮುಂದಿನ ಶ್ರಾದ್ಧಕ್ಕೆ ಹೋಗುತ್ತದೆ. ಮಗ ಆಸ್ಟಿನ್‌ನಲ್ಲಿ, ಭಾನುವಾರ ವಿಡಿಯೊ ಕಾಲಿನಲ್ಲಿ ‘ಅಪ್ಪ, ಟೇಕ್ ಕೇರ್’ ಎನ್ನುತ್ತಾನೆ. ಮಗಳು ಚಿಕ್ಕಲ್ಲಸಂದ್ರದಲ್ಲಿ, ಮಾತ್ರೆ ತಂದು ವಾರದ ಡಬ್ಬಿಗೆ ತುಂಬಿಟ್ಟು ಹೋಗುತ್ತಾಳೆ. ಮನೆ ಯಾರಿಗೆ ಎಂದರೆ ರಾಯರು ‘ಅದರಲ್ಲಿ ಕೇಳೋದೇನಿದೆ’ ಎನ್ನುತ್ತಾರೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನು, ಆಗಿನ್ನೂ ಮದುವೆಯಾಗದವರ ಮಟ್ಟಿಗೆ, ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆ 2005ರಲ್ಲಿ. ಅಂದಿನಿಂದ ನಮ್ಮ ಮನೆಗಳಲ್ಲಿ ಗೌರಿಹಬ್ಬದ ಬಾಗಿನ ಸ್ವಲ್ಪ ದೊಡ್ಡದಾಯಿತು. ಒಂದು ರೇಷ್ಮೆ ಸೀರೆ, ಎರಡು ಡಜನ್ ಬಳೆ, ಜೊತೆಗೆ ಹಕ್ಕು ಬಿಡುಗಡೆ ಪತ್ರ. ‘ಅರಿಶಿನ ಕುಂಕುಮಕ್ಕೆ ಬಂದವಳು ಹಾಗೇ ಇಲ್ಲೊಂದು ಸಹಿ ಹಾಕಿ ಹೋಗಮ್ಮ’ ಎನ್ನುವಾಗ ಅಣ್ಣಂದಿರ ಕಣ್ಣಲ್ಲಿ ನೀರಾಡುತ್ತದೆ. ಆ ಕ್ಷಣದ ವಾತ್ಸಲ್ಯ ನಿಜವಾದದ್ದೇ ಎಂದು ನಾನು ನಂಬುತ್ತೇನೆ.

ಬದುಕಿರುವಾಗಲೇ ಬರೆದುಕೊಟ್ಟು ಬಿಡಲೇ ಎಂಬುದು ರಾಯರ ಇನ್ನೊಂದು ಯೋಚನೆ. ಅದಕ್ಕೆ ಪಕ್ಕದ ಪದ್ಮನಾಭನಗರದತ್ತ ನೋಡಿದರೆ ಸಾಕು. ಅಲ್ಲಿ ಮನೆಯಿರುವ ಮಾಜಿ ಪ್ರಧಾನಿ ದೇವೇಗೌಡರು 2019ರಲ್ಲಿ ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು, ತಾವು ತುಮಕೂರಿಗೆ ಹೋಗಿ ಸೋತರು. ಕ್ಷೇತ್ರವಾಗಲಿ ಮನೆಯಾಗಲಿ, ದಾನಪತ್ರದ ಫಲ ಒಂದೇ. ಅವರು ಮರುವರ್ಷ, 87ನೇ ವಯಸ್ಸಿನಲ್ಲಿ, ರಾಜ್ಯಸಭೆಗೆ ಹೋದರು ಎಂಬುದು ಬೇರೆ ಮಾತು. ದಾನಪತ್ರ ಬರೆದುಕೊಟ್ಟ ಉಳಿದ ತಂದೆತಾಯಿಗಳಿಗೆ ಇರುವುದು 2007ರ ಹಿರಿಯ ನಾಗರಿಕರ ಕಾಯ್ದೆ. ನೋಡಿಕೊಳ್ಳಬೇಕು ಎಂಬ ಷರತ್ತಿಗೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ವಾಪಸು ಕೇಳಬಹುದು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲೇ ನೂರೈವತ್ತಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋಗಿದ್ದಾರೆ ಎಂಬ ಸಂಗತಿ 2025ರಲ್ಲಿ ಹೊರಬಂದಾಗ, ಇಂಥವರ ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಎಂದು ಸಚಿವ ಶರಣಪ್ರಕಾಶ ಪಾಟೀಲರು ಹೇಳಬೇಕಾಯಿತು. ಅಲ್ಲಿ ಮಲಗಿದ್ದವರಿಗೆಲ್ಲ ಯಾವ ಪ್ಲ್ಯಾನರೂ ಸಿಕ್ಕಿರಲಿಲ್ಲ, ಮಕ್ಕಳಿಗೆ ಸಿಕ್ಕಿದ್ದರೇನೋ.

ಏನೂ ಬರೆಯದೆ ಸುಮ್ಮನಿರುವುದೂ ಒಂದು ಯೋಜನೆಯೇ. ನಾಡಿನ ಲಕ್ಷಗಟ್ಟಲೆ ಪಹಣಿಗಳು ಇನ್ನೂ ತೀರಿಹೋದ ಅಜ್ಜ ಮುತ್ತಜ್ಜಂದಿರ ಹೆಸರಿನಲ್ಲೇ ಇರುವುದರಿಂದ ಸರ್ಕಾರ ಪೌತಿ ಖಾತೆ ಆಂದೋಲನವನ್ನೇ ಹೂಡಬೇಕಾಗಿದೆ. ಕರ್ನಾಟಕದಲ್ಲಿ ಭೂಮಿಯನ್ನು ಯಾವ ತಂಟೆತಕರಾರಿಲ್ಲದೆ ಹಿಡಿದಿಟ್ಟುಕೊಂಡವರು ಸತ್ತವರೇ.

ಕೊನೆಗೆ ರಾಯರು ಉಯಿಲು ಬರೆಯಲು ಕೂತರು. ಮಗಳ ಗಂಡ ಯಾವುದೋ ಮದುವೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲವೆಂದು ಒಮ್ಮೆ ತಿದ್ದಿ, ಮಗ ಎರಡು ಭಾನುವಾರ ಫೋನು ಮಾಡಲಿಲ್ಲವೆಂದು ಮತ್ತೊಮ್ಮೆ ತಿದ್ದಿ, ‘ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ’ ಎಂದು ಯಜಮಾನಿತಿ ಹೇಳಿದಂತೆಯೇ ಬರೆದು ಮುಗಿಸಿದರು. ಸಾಕ್ಷಿಗೆ ಇಬ್ಬರು ಬೇಕು. ಪ್ಲ್ಯಾನರ್ ಹುಡುಗನಿಗೆ ಫೋನು ಮಾಡಿದರೆ ‘ಸಾರಿ ಅಂಕಲ್, ನಮ್ಮಲ್ಲಿ ಕಂಪ್ಲಯನ್ಸ್ ಒಪ್ಪಲ್ಲ’ ಎಂದ. ಎದುರುಮನೆಯ ಮೇಷ್ಟ್ರು ‘ಛೆ ಛೆ, ನಿಮಗೇನಾಗಿದೆ ರಾಯರೇ, ನೂರು ವರ್ಷ ಇರ್ತೀರಿ’ ಎಂದು ಹದಿನೈದು ನಿಮಿಷ ಸಮಾಧಾನ ಹೇಳಿ, ಓದದೆ ಸಹಿ ಹಾಕಿದರು. ಇನ್ನೊಬ್ಬರು ಯಾರೆಂದು ನೋಡುವಾಗ ಮೂಲೆಮನೆಯ ಎಲ್‌ಐಸಿ ಏಜೆಂಟರು ನೆನಪಾದರು. ಕರೆದ ಐದೇ ನಿಮಿಷಕ್ಕೆ ಬಂದರು, ಚಪ್ಪಲಿ ಬಿಟ್ಟರು, ಕಾಫಿ ಕುಡಿದರು. ಸಹಿ ಹಾಕುವ ಮುಂಚೆ ಎರಡನೇ ಪುಟವನ್ನು, ಎಫ್‌ಡಿಗಳ ಪಟ್ಟಿ ಇದ್ದದ್ದನ್ನು, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಸಹಿ ಹಾಕಿ, ಪೆನ್ನಿನ ಕ್ಯಾಪು ಮುಚ್ಚುತ್ತಾ ಕೇಳಿದರು:

‘ರಾಯರೇ, ಮೊಮ್ಮಗನ ಡೇಟ್ ಆಫ್ ಬರ್ತ್ ಎಷ್ಟು ಅಂದ್ರಿ?’